ಸಲಹಾ ಸಮಿತಿಗಳು ಮತ್ತು ಹೂಡಿಕೆದಾರರ ರಕ್ಷಣೆ: ಸೆಬಿ ನಡೆದುಬಂದ ದಾರಿ

ಷೇರುಪೇಟೆಯ ಸುದ್ದಿ ಎಂದರೆ ಬಹುಮಂದಿಗೆ ಸೂಚ್ಯಂಕದ ಏರಿಳಿತವಷ್ಟೇ. ಆದರೆ ಹೂಡಿಕೆದಾರನ ಹಣದ ಹಣೆಬರಹ ನಿರ್ಧಾರವಾಗುವುದು ಅನೇಕ ವೇಳೆ ಬೇರೆಡೆಯಲ್ಲಿ. ಕಂಪನಿಯೊಂದು ಹೊಸ ಒಡೆಯನ ಕೈಸೇರಿದಾಗ ಸಣ್ಣ ಷೇರುದಾರ ತನ್ನ ಷೇರು ಮಾರಿ ಹೊರಬರಲು ಎಷ್ಟು ಅವಕಾಶ ಇರಬೇಕು, ಕಂಪನಿಯ ಲೆಕ್ಕಪತ್ರಗಳನ್ನು ಪ್ರಶ್ನಿಸುವ ಅಧಿಕಾರ ಯಾರಿಗಿರಬೇಕು, ವಾಯಿದಾ ವಹಿವಾಟಿನ ಕನಿಷ್ಠ ಗಾತ್ರ ಎಷ್ಟಿರಬೇಕು ಎಂಬಂತಹ ಪ್ರಶ್ನೆಗಳಿಗೆ ಉತ್ತರ ಸಿಗುವುದು ನಿಯಮಾವಳಿಗಳಲ್ಲಿ. ಆ ನಿಯಮಗಳಲ್ಲಿ ಮುಖ್ಯವಾದ ಹಲವು ಮೊದಲು ರೂಪು ತಳೆದದ್ದು ಸಲಹಾ ಸಮಿತಿಗಳ ವರದಿಗಳಲ್ಲಿ.

ಸಲಹಾ ಸಮಿತಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ. ದಂಡ ವಿಧಿಸುವ ಅಧಿಕಾರವೂ ಇಲ್ಲ. ಅದು ಅಧ್ಯಯನ ನಡೆಸುತ್ತದೆ, ಎಲ್ಲರ ವಾದ ಕೇಳುತ್ತದೆ, ಶಿಫಾರಸು ಮಾಡುತ್ತದೆ. ಆ ಶಿಫಾರಸನ್ನು ಒಪ್ಪುವುದು, ತಿದ್ದುವುದು ಅಥವಾ ಬದಿಗಿಡುವುದು ನಿಯಂತ್ರಣ ಸಂಸ್ಥೆಗೆ ಬಿಟ್ಟ ವಿಚಾರ. ಆದ್ದರಿಂದ ಸಮಿತಿಯ ವರದಿ ಮತ್ತು ಕೊನೆಗೆ ಜಾರಿಗೆ ಬಂದ ನಿಯಮ, ಇವೆರಡರ ನಡುವಿನ ಅಂತರವನ್ನು ಅಳೆದರೆ ಹೂಡಿಕೆದಾರನ ರಕ್ಷಣೆ ಎಲ್ಲಿ ಗಟ್ಟಿಯಾಯಿತು, ಎಲ್ಲಿ ಸಡಿಲವಾಯಿತು ಎಂಬುದು ತಿಳಿಯುತ್ತದೆ. ಭಾರತೀಯ ಷೇರು ನಿಯಂತ್ರಣ ಮಂಡಳಿಯ, ಅಂದರೆ ಸೆಬಿಯ, ಮೂರು ದಶಕಗಳ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ.

ಸಮಿತಿಗಳು ಏಕೆ ಬೇಕು?

ಸೆಬಿ ಸ್ಥಾಪನೆಯಾದದ್ದು 1988ರ ಏಪ್ರಿಲ್ 12ರಂದು. ಆಗ ಅದಕ್ಕೆ ಶಾಸನದ ಬಲ ಇರಲಿಲ್ಲ. ಕಂಪನಿಗಳು ಜನರಿಂದ ಬಂಡವಾಳ ಎತ್ತಲು ಅನುಮತಿ ನೀಡುವ ಅಧಿಕಾರ 1947ರ ಕಾಯ್ದೆಯೊಂದರ ಅಡಿಯಲ್ಲಿ ಕೇಂದ್ರ ಸರ್ಕಾರದ ಕೈಯಲ್ಲಿತ್ತು. 1992ರಲ್ಲಿ ಸೆಬಿ ಕಾಯ್ದೆ ಜಾರಿಯಾಗಿ ಹಳೆಯ ಕಾಯ್ದೆ ರದ್ದಾಯಿತು. ಅದೇ ವರ್ಷ ಹರ್ಷದ್ ಮೆಹ್ತಾ ಹಗರಣ ಬಯಲಿಗೆ ಬಂದಿತು. ಹೊಸದಾಗಿ ಅಧಿಕಾರ ಪಡೆದ ಸಂಸ್ಥೆಯ ಮುಂದೆ ದೊಡ್ಡ ಮಾರುಕಟ್ಟೆ ಇತ್ತು, ನಿಯಮಗಳು ಮಾತ್ರ ಇನ್ನೂ ಬರೆಯಬೇಕಿತ್ತು.

ಹೂಡಿಕೆದಾರರ ಹಿತರಕ್ಷಣೆ, ಮಾರುಕಟ್ಟೆಯ ಅಭಿವೃದ್ಧಿ ಮತ್ತು ಅದರ ನಿಯಂತ್ರಣ, ಈ ಮೂರೂ ಸೆಬಿಯ ಕರ್ತವ್ಯಗಳೆಂದು ಕಾಯ್ದೆ ಹೇಳುತ್ತದೆ. ಆದರೆ ಇವು ಸದಾ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. ಸಣ್ಣ ಹೂಡಿಕೆದಾರನಿಗೆ ಹೆಚ್ಚು ರಕ್ಷಣೆ ಕೊಟ್ಟರೆ ಕಂಪನಿಗಳ ವೆಚ್ಚ ಏರುತ್ತದೆ. ವಹಿವಾಟು ಸಲೀಸಾಗಲಿ ಎಂದು ಕಟ್ಟುಪಾಡು ಸಡಿಲಿಸಿದರೆ ಅನನುಭವಿಗಳು ಕೈಸುಟ್ಟುಕೊಳ್ಳುತ್ತಾರೆ. ಇಂತಹ ತೂಗುಯ್ಯಾಲೆಯಲ್ಲಿ ಪರಿಣತರ ಜ್ಞಾನ ಪಡೆಯುವುದು, ನಿಯಮದ ಬಿಸಿ ತಟ್ಟುವವರ ಮಾತನ್ನು ಮೊದಲೇ ಕೇಳುವುದು, ತೀರ್ಮಾನಕ್ಕೊಂದು ಸಾರ್ವಜನಿಕ ಆಧಾರ ಒದಗಿಸುವುದು ಸಮಿತಿಗಳ ಕೆಲಸ.

ಎರಡು ಬಗೆಯ ಸಮಿತಿಗಳು

ಸೆಬಿಯ ಸಮಿತಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸ್ಥಾಯಿ ಸಲಹಾ ಸಮಿತಿಗಳು. ಹೊಸ ಷೇರು ಬಿಡುಗಡೆಯ ವಿಚಾರಕ್ಕೆ ಪ್ರಾಥಮಿಕ ಮಾರುಕಟ್ಟೆ ಸಲಹಾ ಸಮಿತಿ, ದಿನನಿತ್ಯದ ಕೊಡುಕೊಳ್ಳುವಿಕೆಗೆ ದ್ವಿತೀಯ ಮಾರುಕಟ್ಟೆ ಸಲಹಾ ಸಮಿತಿ, ಮ್ಯೂಚುವಲ್ ಫಂಡ್‌ಗಳಿಗೆ ಪ್ರತ್ಯೇಕ ಸಮಿತಿ, ಕಾರ್ಪೊರೇಟ್ ಬಾಂಡ್‌ಗಳಿಗೆ ಮತ್ತೊಂದು, ಹೀಗೆ ಇವು ವಿಷಯವಾರು ಹಂಚಿಹೋಗಿವೆ. ನವೋದ್ಯಮಗಳಿಗೆ ಬಂಡವಾಳ ಒದಗಿಸುವ ಪರ್ಯಾಯ ಹೂಡಿಕೆ ನಿಧಿಗಳ ಕುರಿತು 2015ರಲ್ಲಿ ರಚನೆಯಾದ ಸಮಿತಿಗೆ ಬೆಂಗಳೂರಿನ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಅಧ್ಯಕ್ಷರಾಗಿದ್ದರು.

ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣ ನಿಧಿಗೂ ಒಂದು ಸಲಹಾ ಸಮಿತಿ ಇದೆ. ಈ ನಿಧಿ 2007ರಲ್ಲಿ ಸ್ಥಾಪನೆಯಾಯಿತು. 2009ರ ನಿಯಮಾವಳಿ ಅದಕ್ಕೆ ಚೌಕಟ್ಟು ಹಾಕಿತು. ನಿಧಿಯ ಹಣವನ್ನು ಯಾವ ಯಾವ ಕಾರ್ಯಕ್ಕೆ ಬಳಸಬೇಕೆಂದು ಶಿಫಾರಸು ಮಾಡುವುದು ಈ ಸಮಿತಿಯ ಹೊಣೆ.

ಎರಡನೆಯ ಬಗೆ, ಒಂದೇ ವಿಷಯಕ್ಕಾಗಿ ರಚನೆಯಾಗಿ ವರದಿ ಒಪ್ಪಿಸಿ ಮುಗಿಯುವ ಸಮಿತಿ. ಸಾಮಾನ್ಯವಾಗಿ ಅಧ್ಯಕ್ಷರ ಹೆಸರಿನಿಂದಲೇ ಇದನ್ನು ಗುರುತಿಸುತ್ತಾರೆ. ಭಾರತದ ಮಾರುಕಟ್ಟೆಯ ಸ್ವರೂಪ ಬದಲಿಸಿದ ನಿಯಮಗಳ ಹಿಂದೆ ಹೆಚ್ಚಾಗಿ ಇರುವುದು ಇಂತಹ ಸಮಿತಿಗಳು.

ಹಗರಣದ ಬೆನ್ನಿಗೆ ಸಮಿತಿ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕೆಲವು ಸಮಿತಿಗಳಿಗೆ ಒಪ್ಪುತ್ತದೆ. 1990ರ ದಶಕದಲ್ಲಿ ತೇಗದ ಗಿಡ ನೆಟ್ಟು ಕೆಲವೇ ವರ್ಷಗಳಲ್ಲಿ ಹಣವನ್ನು ಹಲವು ಪಟ್ಟು ಮಾಡಿಕೊಡುವುದಾಗಿ ಹೇಳಿದ ಪ್ಲಾಂಟೇಷನ್ ಕಂಪನಿಗಳ ಜಾಹೀರಾತು ದೇಶದೆಲ್ಲೆಡೆ ರಾರಾಜಿಸಿದವು. ಇವು ಷೇರೂ ಅಲ್ಲದ, ಬ್ಯಾಂಕ್ ಠೇವಣಿಯೂ ಅಲ್ಲದ ಯೋಜನೆಗಳಾದ್ದರಿಂದ ಯಾರ ಹತೋಟಿಗೆ ಬರುತ್ತವೆ ಎಂಬುದೇ ಸ್ಪಷ್ಟವಿರಲಿಲ್ಲ. ಸೆಬಿಯ ಮೊದಲ ಅಧ್ಯಕ್ಷರಾಗಿದ್ದ ಎಸ್.ಎ. ದವೆ ನೇತೃತ್ವದ ಸಮಿತಿ ಈ ಬಗ್ಗೆ ಶಿಫಾರಸು ನೀಡಿತು. 1999ರಲ್ಲಿ ಸಾಮೂಹಿಕ ಹೂಡಿಕೆ ಯೋಜನೆಗಳ ನಿಯಮಾವಳಿ ಬಂದಿತು. ನಿಯಮ ಬರುವ ವೇಳೆಗೆ ಅನೇಕರ ಉಳಿತಾಯ ಕರಗಿಹೋಗಿತ್ತು.

2003ರಿಂದ 2005ರವರೆಗಿನ ಐಪಿಒ ಹಗರಣದಲ್ಲೂ ಸಮಿತಿ ಬಂದದ್ದು ತಡವಾಗಿಯೇ. ಸಾವಿರಾರು ಬೇನಾಮಿ ಡಿಮ್ಯಾಟ್ ಖಾತೆಗಳನ್ನು ತೆರೆದು, ಸಣ್ಣ ಹೂಡಿಕೆದಾರರಿಗೆ ಮೀಸಲಾಗಿದ್ದ ಷೇರುಗಳನ್ನು ಕೆಲವರು ಕಬಳಿಸಿದ್ದರು. ಷೇರು ಸಿಗದೆ ವಂಚಿತರಾದವರನ್ನು ಗುರುತಿಸುವುದು ಹೇಗೆ, ಪರಿಹಾರದ ಲೆಕ್ಕ ಹಾಕುವುದು ಹೇಗೆ ಎಂಬ ಜಟಿಲ ಪ್ರಶ್ನೆ ನ್ಯಾಯಮೂರ್ತಿ ಡಿ.ಪಿ. ವಾಧ್ವಾ ಸಮಿತಿಯ ಮುಂದೆ ಬಂದಿತು. ಸಮಿತಿಯ ಸೂತ್ರವನ್ನು ಅನುಸರಿಸಿ 2010ರಲ್ಲಿ 12 ಲಕ್ಷಕ್ಕೂ ಹೆಚ್ಚು ಹೂಡಿಕೆದಾರರಿಗೆ ಸುಮಾರು 23 ಕೋಟಿ ರೂಪಾಯಿ ಹಂಚಲಾಯಿತು. ತಲೆಗೆ ಸರಾಸರಿ ಲೆಕ್ಕ ಹಾಕಿದರೆ ಇನ್ನೂರು ರೂಪಾಯಿಯೂ ಇಲ್ಲ. ಆದರೂ ತಪ್ಪಿತಸ್ಥರಿಂದ ವಸೂಲಾದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗದೆ ನಷ್ಟ ಅನುಭವಿಸಿದವರಿಗೆ ಮರಳಬೇಕೆಂಬ ತತ್ವವನ್ನು ಅದು ಕಾರ್ಯರೂಪಕ್ಕೆ ತಂದಿತು.

ಕಂಪನಿ ಆಡಳಿತದ ಮೂರು ವರದಿಗಳು

ಸಮಿತಿಗಳ ಪ್ರಭಾವ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕಂಪನಿಗಳ ಆಡಳಿತ ಶುದ್ಧಿಯ ವಿಷಯದಲ್ಲಿ. 1999ರ ಮೇ ತಿಂಗಳಲ್ಲಿ ಉದ್ಯಮಿ ಕುಮಾರಮಂಗಲಂ ಬಿರ್ಲಾ ಅಧ್ಯಕ್ಷತೆಯಲ್ಲಿ ಸೆಬಿ ಸಮಿತಿ ನೇಮಿಸಿತು. ನಿರ್ದೇಶಕ ಮಂಡಳಿಯಲ್ಲಿ ಪ್ರವರ್ತಕರ ಹಿಡಿತಕ್ಕೆ ಸಿಗದ ಸ್ವತಂತ್ರ ನಿರ್ದೇಶಕರು ಇರಬೇಕು, ಲೆಕ್ಕ ಪರಿಶೋಧನಾ ಸಮಿತಿ ಕಡ್ಡಾಯವಾಗಬೇಕು ಎಂಬುದು ಅದರ ಮುಖ್ಯ ಸಲಹೆ. ಅದರ ಫಲವಾಗಿ 2000ದ ಫೆಬ್ರುವರಿಯಲ್ಲಿ ಷೇರು ವಿನಿಮಯ ಕೇಂದ್ರಗಳ ನೋಂದಣಿ ಒಪ್ಪಂದಕ್ಕೆ 49ನೇ ಕಲಮು ಸೇರ್ಪಡೆಯಾಯಿತು.

ಅಮೆರಿಕದಲ್ಲಿ ಎನ್ರಾನ್ ಕಂಪನಿ ಕುಸಿದ ಬಳಿಕ ಈ ಕಲಮನ್ನು ಮತ್ತಷ್ಟು ಬಿಗಿಗೊಳಿಸುವ ಕೆಲಸ ನಾರಾಯಣಮೂರ್ತಿ ಅಧ್ಯಕ್ಷತೆಯ ಸಮಿತಿಗೆ ಬಂದಿತು. 2003ರ ಫೆಬ್ರುವರಿಯಲ್ಲಿ ವರದಿ ಸಿದ್ಧವಾಯಿತು. ಕಂಪನಿಯಲ್ಲಿ ನಡೆಯುವ ಅಕ್ರಮವನ್ನು ಕಂಡ ನೌಕರ ನೇರವಾಗಿ ಲೆಕ್ಕ ಪರಿಶೋಧನಾ ಸಮಿತಿಗೆ ದೂರು ಕೊಡಲು ಅವಕಾಶವಿರಬೇಕು, ಅವನಿಗೆ ಕಿರುಕುಳವಾಗದಂತೆ ರಕ್ಷಣೆ ಇರಬೇಕು ಎಂದು ವರದಿ ಹೇಳಿತ್ತು. ಉದ್ಯಮ ವಲಯದಿಂದ ಆಕ್ಷೇಪಣೆಗಳು ಬಂದವು. ಪರಿಷ್ಕೃತ ಕಲಮು 2004ರ ಅಕ್ಟೋಬರ್‌ನಲ್ಲಿ ಹೊರಬಿದ್ದಾಗ ಈ ಅಂಶ ಐಚ್ಛಿಕ ಪಟ್ಟಿಗೆ ಸರಿದಿತ್ತು. ಕಲಮು ಜಾರಿಗೆ ಬಂದದ್ದು 2006ರ ಜನವರಿ 1ರಿಂದ.

ಮೂರು ವರ್ಷ ಕಳೆದು, 2009ರ ಜನವರಿ 7ರಂದು, ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ವರ್ಷಗಟ್ಟಲೆ ಲೆಕ್ಕ ತಿದ್ದಿದ್ದಾಗಿ ಒಪ್ಪಿಕೊಂಡರು. ಸತ್ಯಂ ಮಂಡಳಿಯಲ್ಲಿ ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದರು, ಲೆಕ್ಕ ಪರಿಶೋಧನಾ ಸಮಿತಿಯೂ ಇತ್ತು. ನಿಯಮದ ಅಕ್ಷರ ಪಾಲನೆಯಾಗಿದ್ದರೂ ವಂಚನೆ ತಪ್ಪಲಿಲ್ಲ. ನೌಕರರ ದೂರಿಗೆ ದಾರಿ ಕಡ್ಡಾಯವಾಗಿದ್ದರೆ ಹಗರಣ ಮೊದಲೇ ಹೊರಬರುತ್ತಿತ್ತು ಎಂದು ಖಚಿತವಾಗಿ ಹೇಳಲಾಗದು. ಆದರೆ ಕೈಬಿಟ್ಟಿದ್ದ ಆ ಸಲಹೆಗೆ ಮತ್ತೆ ಬೆಲೆ ಬಂದದ್ದು ಮಾತ್ರ ನಿಜ. 2013ರ ಕಂಪನಿ ಕಾಯ್ದೆ ನೋಂದಾಯಿತ ಕಂಪನಿಗಳಿಗೆಲ್ಲ ಇಂತಹ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಸಲಹೆಯಿಂದ ಕಾನೂನಿಗೆ ಹತ್ತು ವರ್ಷ ಹಿಡಿಯಿತು.

ಮೂರನೆಯದು ಬ್ಯಾಂಕರ್ ಉದಯ್ ಕೋಟಕ್ ಸಮಿತಿಯ ವರದಿ. 2017ರ ಅಕ್ಟೋಬರ್‌ನಲ್ಲಿ ಅದು ಸುಮಾರು 80 ಶಿಫಾರಸುಗಳನ್ನು ಮಾಡಿತು. 2018ರ ಮಾರ್ಚ್‌ನಲ್ಲಿ ಸೆಬಿ 40 ಶಿಫಾರಸುಗಳನ್ನು ಹಾಗೆಯೇ, 15ನ್ನು ಮಾರ್ಪಾಡಿನೊಂದಿಗೆ ಒಪ್ಪಿತು. ಎಂಟನ್ನು ಸರ್ಕಾರ ಹಾಗೂ ಇತರ ಸಂಸ್ಥೆಗಳ ಪರಿಶೀಲನೆಗೆ ಕಳಿಸಿತು. ದೊಡ್ಡ ಕಂಪನಿಗಳಲ್ಲಿ ಕನಿಷ್ಠ ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಇರಬೇಕೆಂಬ ನಿಯಮ ಬಂದದ್ದು ಹೀಗೆ.

ಅಧ್ಯಕ್ಷ ಹಾಗೂ ವ್ಯವಸ್ಥಾಪಕ ನಿರ್ದೇಶಕ ಹುದ್ದೆಗಳನ್ನು ಬೇರ್ಪಡಿಸುವ ಶಿಫಾರಸಿನ ಗತಿ ಬೇರೆಯಾಯಿತು. ಮಂಡಳಿಯ ಮೇಲ್ವಿಚಾರಣೆ ಮಾಡುವವರೂ ಕಂಪನಿ ನಡೆಸುವವರೂ ಒಬ್ಬರೇ ಆದರೆ ಪ್ರಶ್ನಿಸುವವರು ಯಾರು ಎಂಬುದು ಇದರ ಹಿಂದಿನ ತರ್ಕ. ಅಗ್ರ 500 ಕಂಪನಿಗಳಿಗೆ 2020ರ ಏಪ್ರಿಲ್‌ನಿಂದ ಅನ್ವಯಿಸಬೇಕಿದ್ದ ನಿಯಮವನ್ನು 2022ರ ಏಪ್ರಿಲ್‌ಗೆ ಮುಂದೂಡಲಾಯಿತು. ಗಡುವಿಗೆ ಕೆಲವೇ ವಾರ ಇರುವಾಗ, ಆ ವರ್ಷದ ಫೆಬ್ರುವರಿಯಲ್ಲಿ, ಸೆಬಿ ಅದನ್ನು ಐಚ್ಛಿಕಗೊಳಿಸಿತು. 2021ರ ಕೊನೆಗೆ ಈ ಕಂಪನಿಗಳಲ್ಲಿ ಶೇ.54ರಷ್ಟು ಮಾತ್ರ ನಿಯಮ ಪಾಲಿಸಿದ್ದವು. ಕುಟುಂಬಗಳ ಹಿಡಿತದಲ್ಲಿರುವ ಉದ್ಯಮಗಳೇ ಹೆಚ್ಚಿರುವ ದೇಶದಲ್ಲಿ ಈ ಶಿಫಾರಸು ಮುಟ್ಟಿದ್ದು ಅಧಿಕಾರದ ಮೂಲವನ್ನೇ.

ಮುಕ್ತ ಕೊಡುಗೆಯ ಲೆಕ್ಕ

ಸಲಹೆಗೂ ನಿಯಮಕ್ಕೂ ಇರುವ ಅಂತರವನ್ನು ರೂಪಾಯಿ ಲೆಕ್ಕದಲ್ಲಿ ತೋರುವ ಉದಾಹರಣೆ ಕಂಪನಿ ಸ್ವಾಧೀನದ ನಿಯಮಗಳದು. ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಎನ್. ಭಗವತಿ ಸಮಿತಿಯ ವರದಿ ಆಧರಿಸಿ 1997ರಲ್ಲಿ ಸ್ವಾಧೀನ ನಿಯಮಾವಳಿ ಬಂದಿತ್ತು. ಅದನ್ನು ಪರಿಷ್ಕರಿಸಲು 2009ರಲ್ಲಿ ಸಿ. ಅಚ್ಯುತನ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅಲ್ಲಿಯವರೆಗೆ ಕಂಪನಿಯೊಂದರಲ್ಲಿ ಶೇ.15ರಷ್ಟು ಪಾಲು ಪಡೆದವರು ಉಳಿದ ಷೇರುದಾರರಿಂದ ಇನ್ನೂ ಶೇ.20ರಷ್ಟು ಷೇರು ಕೊಳ್ಳಲು ಮುಕ್ತ ಕೊಡುಗೆ ನೀಡಬೇಕಿತ್ತು.

2010ರ ಜುಲೈನಲ್ಲಿ ಬಂದ ವರದಿ, ಮಿತಿಯನ್ನು ಶೇ.25ಕ್ಕೆ ಏರಿಸಿ, ಆ ಮಿತಿ ದಾಟಿದವರು ಉಳಿದ ಎಲ್ಲ ಷೇರುಗಳಿಗೂ ಕೊಡುಗೆ ನೀಡಬೇಕೆಂದು ಸೂಚಿಸಿತು. ಒಡೆತನ ಬದಲಾದಾಗ ಪ್ರವರ್ತಕ ತನ್ನ ಪಾಲನ್ನು ಪೂರ್ತಿ ಮಾರಿ ಹೊರಡಬಹುದಾದರೆ ಸಣ್ಣ ಷೇರುದಾರನಿಗೂ ಅದೇ ಅವಕಾಶ ಇರಬೇಕು ಎಂಬುದು ಸಮಿತಿಯ ನಿಲುವು. ಆದರೆ ಷೇರು ಖರೀದಿಗೆ ದೇಶದ ಬ್ಯಾಂಕುಗಳಿಂದ ಸಾಲ ಸಿಗುವುದು ಕಷ್ಟವಿರುವಾಗ ಇದು ವಿದೇಶಿ ಖರೀದಿದಾರರಿಗಷ್ಟೇ ಅನುಕೂಲ ಎಂಬ ವಾದ ಕೇಳಿಬಂದಿತು. 2011ರಲ್ಲಿ ಸೆಬಿ ಶೇ.25ರ ಮಿತಿಯನ್ನು ಒಪ್ಪಿತು. ಕೊಡುಗೆಯ ಗಾತ್ರವನ್ನು ಮಾತ್ರ ಶೇ.26ಕ್ಕೆ ನಿಲ್ಲಿಸಿತು.

ಇದರ ಪರಿಣಾಮ ಏನು? ಒಬ್ಬ ಹೂಡಿಕೆದಾರನ ಬಳಿ 300 ಷೇರು ಇವೆ ಎಂದಿಟ್ಟುಕೊಳ್ಳಿ. ಹೊಸ ಒಡೆಯ ಶೇ.25ರಷ್ಟು ಪಾಲು ಕೊಂಡಿದ್ದಾನೆ. ಉಳಿದ ಶೇ.75ರಷ್ಟು ಷೇರುಗಳ ಒಡೆಯರೆಲ್ಲ ಮಾರಲು ಮುಂದೆ ಬಂದರೆ, ಶೇ.26ರಷ್ಟನ್ನೇ ಹಂಚಿಕೊಳ್ಳಬೇಕಾಗಿ ಆ ಹೂಡಿಕೆದಾರನ 104 ಷೇರುಗಳು ಮಾತ್ರ ಮಾರಾಟವಾಗುತ್ತವೆ. ಉಳಿದ 196 ಷೇರುಗಳು ಅವನ ಕೈಯಲ್ಲೇ ಉಳಿಯುತ್ತವೆ. ಸಮಿತಿಯ ಶಿಫಾರಸಿನಂತೆ ನಡೆದಿದ್ದರೆ 300 ಷೇರುಗಳನ್ನೂ ಮಾರಬಹುದಿತ್ತು.

ಎಲ್ಲ ವರದಿಗಳಿಗೂ ಹೀಗಾಗಿಲ್ಲ. ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದ ಎನ್.ಕೆ. ಸೋಧಿ ನೇತೃತ್ವದ ಸಮಿತಿ, ಒಳಮಾಹಿತಿ ಬಳಸಿ ಷೇರು ವಹಿವಾಟು ನಡೆಸುವುದನ್ನು ತಡೆಯುವ ಕುರಿತು 2013ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ನಿಯಮಾವಳಿಯ ಕರಡನ್ನೇ ಬರೆದು, ಪ್ರತಿ ನಿಯಮದ ಉದ್ದೇಶವನ್ನು ವಿವರಿಸುವ ಟಿಪ್ಪಣಿಗಳನ್ನೂ ಅದು ಜೋಡಿಸಿತ್ತು. 2015ರಲ್ಲಿ ಜಾರಿಗೆ ಬಂದ ನಿಯಮಾವಳಿ ಆ ಟಿಪ್ಪಣಿಗಳ ಪದ್ಧತಿಯನ್ನೂ ಉಳಿಸಿಕೊಂಡಿತು. ಓದುವವನಿಗೆ ನಿಯಮದ ಜತೆ ಅದರ ಕಾರಣವೂ ಸಿಗುವುದು ಅಪರೂಪ.

ವಾಯಿದಾ ವಹಿವಾಟು: ಸಮಿತಿಯಿಂದ ಸಮಿತಿಗೆ

ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನ ಬಾಗಿಲು ತೆರೆದದ್ದೂ ಸಮಿತಿಯೇ, ಅದನ್ನು ಬಿಗಿಗೊಳಿಸುವ ದಾರಿ ತೋರಿದ್ದೂ ಸಮಿತಿಯೇ. 1996ರಲ್ಲಿ ನೇಮಕವಾದ ಎಲ್.ಸಿ. ಗುಪ್ತಾ ಸಮಿತಿ 1998ರ ಮಾರ್ಚ್‌ನಲ್ಲಿ ವರದಿ ನೀಡಿ, ಸೂಚ್ಯಂಕದ ಫ್ಯೂಚರ್ಸ್‌ನಿಂದ ಆರಂಭಿಸಿ ಹಂತಹಂತವಾಗಿ ಮುಂದುವರಿಯಲು ಸಲಹೆ ಮಾಡಿತು. ಗ್ರಾಹಕನಿಗೆ ಅಪಾಯವನ್ನು ತಿಳಿಸುವ ಪತ್ರ ಕೊಡಬೇಕು, ವಹಿವಾಟು ನಡೆಸಿಕೊಡುವವರು ಪರೀಕ್ಷೆ ಪಾಸಾಗಿರಬೇಕು ಎಂಬ ಎಚ್ಚರಿಕೆಯೂ ಅದರಲ್ಲಿತ್ತು. 2000ದ ಜೂನ್‌ನಲ್ಲಿ ವಹಿವಾಟು ಆರಂಭವಾಯಿತು.

ಮೊಬೈಲ್ ಆ್ಯಪ್‌ಗಳ ಕಾಲದಲ್ಲಿ ಈ ವಹಿವಾಟು ಯಾರೂ ಊಹಿಸದಷ್ಟು ಬೆಳೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಸೆಬಿ ಅಧ್ಯಯನದ ಪ್ರಕಾರ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ವಹಿವಾಟಿಗಿಳಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ಹೂಡಿಕೆದಾರರಲ್ಲಿ ಶೇ.93ರಷ್ಟು ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ.

ರಿಸರ್ವ್ ಬ್ಯಾಂಕಿನ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ಜಿ. ಪದ್ಮನಾಭನ್ ನೇತೃತ್ವದ ತಜ್ಞರ ತಂಡ ಈ ವಿಚಾರ ಪರಿಶೀಲಿಸಿತು. ಬಳಿಕ ದ್ವಿತೀಯ ಮಾರುಕಟ್ಟೆ ಸಲಹಾ ಸಮಿತಿಯಲ್ಲಿ ಚರ್ಚೆ ನಡೆಯಿತು. 2024ರ ಜುಲೈ 30ರಂದು ಸಮಾಲೋಚನಾ ಪತ್ರ ಪ್ರಕಟವಾಗಿ, ಅಕ್ಟೋಬರ್ 1ರಂದು ಸುತ್ತೋಲೆ ಹೊರಬಿತ್ತು. 5ರಿಂದ 10 ಲಕ್ಷ ರೂಪಾಯಿ ಇದ್ದ ಸೂಚ್ಯಂಕ ಕರಾರಿನ ಗಾತ್ರ ಕನಿಷ್ಠ 15 ಲಕ್ಷಕ್ಕೇರಿತು. ವಾರದ ಕೊನೆಗೆ ಮುಗಿಯುವ ಕರಾರುಗಳು ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕಕ್ಕೆ ಸೀಮಿತವಾದವು. ಎರಡನೇ ಹಂತದಲ್ಲಿ ಗಾತ್ರವನ್ನು 20ರಿಂದ 30 ಲಕ್ಷಕ್ಕೆ ಏರಿಸುವ ಪ್ರಸ್ತಾವ ಮಾತ್ರ ಅಂತಿಮ ಸುತ್ತೋಲೆಯಲ್ಲಿ ಇರಲಿಲ್ಲ.

ಮೇಜಿನ ಸುತ್ತ ಯಾರು?

ಸಮಿತಿಯ ಸಲಹೆಯ ಗುಣ ಅದರ ಸದಸ್ಯರನ್ನು ಅವಲಂಬಿಸಿರುತ್ತದೆ. ವಿನಿಮಯ ಕೇಂದ್ರಗಳು, ದಲ್ಲಾಳಿ ಸಂಸ್ಥೆಗಳು, ಮ್ಯೂಚುವಲ್ ಫಂಡ್ ಕಂಪನಿಗಳು, ವಕೀಲರು, ಲೆಕ್ಕ ಪರಿಶೋಧಕರು, ಪ್ರಾಧ್ಯಾಪಕರು, ಹೂಡಿಕೆದಾರರ ಸಂಘಗಳ ಪ್ರತಿನಿಧಿಗಳು ಸ್ಥಾಯಿ ಸಮಿತಿಗಳಲ್ಲಿ ಇರುತ್ತಾರೆ. ಮಾರುಕಟ್ಟೆಯ ಒಳಹೊರಗನ್ನು ಬಲ್ಲವರು ಮಾರುಕಟ್ಟೆಯವರೇ ಆದ್ದರಿಂದ ಅವರನ್ನು ಹೊರಗಿಟ್ಟು ನಿಯಮ ರೂಪಿಸಲಾಗದು. ಆದರೆ ಪ್ರತಿ ವಹಿವಾಟಿನಿಂದ ಶುಲ್ಕ ಪಡೆಯುವವರು, ವಹಿವಾಟು ಕಡಿಮೆ ಮಾಡುವ ನಿಯಮದ ಚರ್ಚೆಯಲ್ಲಿ ಭಾಗವಹಿಸುವಾಗ ಹಿತಾಸಕ್ತಿಯ ಪ್ರಶ್ನೆ ಏಳುವುದು ಸಹಜ.

ಉದ್ಯಮದ ಪ್ರತಿನಿಧಿಗೆ ಬೆನ್ನಿಗೆ ಅಂಕಿಅಂಶ ಒದಗಿಸುವ ಕಚೇರಿ ಇರುತ್ತದೆ, ಕಾನೂನು ಸಲಹೆಗಾರರಿರುತ್ತಾರೆ. ಹೂಡಿಕೆದಾರರ ಸಂಘದ ಪ್ರತಿನಿಧಿಗೆ ಅಂತಹ ಬೆಂಬಲ ವಿರಳ. ಕುರ್ಚಿ ಎರಡೂ ಕಡೆಯವರಿಗೆ ಸಿಕ್ಕರೂ ದನಿಯ ಬಲ ಒಂದೇ ಆಗಿರುವುದಿಲ್ಲ. ಇದಲ್ಲದೆ ಒಂದೇ ವಿಷಯದ ಸಮಿತಿಗಳ ವರದಿಗಳು ಸಾಮಾನ್ಯವಾಗಿ ಪ್ರಕಟವಾಗುತ್ತವೆ. ಸ್ಥಾಯಿ ಸಮಿತಿಗಳ ಚರ್ಚೆಯ ಸಾರ ಹೊರಬರುವುದು ಹೆಚ್ಚಾಗಿ ಸಮಾಲೋಚನಾ ಪತ್ರಗಳ ಮೂಲಕವೇ.

ಉತ್ತರ ಕೊಡುವ ಹೊಣೆ

ಇತರ ದೇಶಗಳ ಕ್ರಮ ಇಲ್ಲಿ ಗಮನಾರ್ಹ. 2008ರ ಹಣಕಾಸು ಬಿಕ್ಕಟ್ಟಿನ ನಂತರ ಅಮೆರಿಕ 2010ರಲ್ಲಿ ಡಾಡ್-ಫ್ರಾಂಕ್ ಕಾಯ್ದೆ ತಂದಿತು. ಅಲ್ಲಿನ ಷೇರು ನಿಯಂತ್ರಣ ಆಯೋಗಕ್ಕೆ ಹೂಡಿಕೆದಾರರ ಸಲಹಾ ಸಮಿತಿ ಇರಬೇಕೆಂದು ಆ ಕಾಯ್ದೆಯೇ ವಿಧಿಸಿದೆ. ಸಮಿತಿಯಲ್ಲಿ ಹಿರಿಯ ನಾಗರಿಕರ ಹಿತ ಪ್ರತಿನಿಧಿಸುವ ಸದಸ್ಯರೂ ಇರಬೇಕು. ಸಮಿತಿ ಶಿಫಾರಸು ಮಾಡಿದಾಗಲೆಲ್ಲ ಆಯೋಗ ಅದನ್ನು ಪರಿಶೀಲಿಸಿ, ಕ್ರಮ ಕೈಗೊಳ್ಳುವುದಾದರೆ ಏನು ಮಾಡಲಿದೆ ಎಂಬುದನ್ನು ಬಹಿರಂಗ ಹೇಳಿಕೆಯಲ್ಲಿ ತಿಳಿಸಬೇಕು. ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ, ಉತ್ತರಿಸಲೇಬೇಕೆಂಬ ನಿರ್ಬಂಧವಿದೆ. ಬ್ರಿಟನ್ನಿನಲ್ಲೂ ಹಣಕಾಸು ಸೇವೆಗಳ ಗ್ರಾಹಕ ಸಮಿತಿಗೆ 2000ದ ಕಾಯ್ದೆಯಿಂದ ಶಾಸನದ ಆಸರೆ ದೊರೆತಿದೆ.

ಭಾರತದಲ್ಲಿ ಸೆಬಿ ಕಾಯ್ದೆ ಇಂತಹ ಹೊಣೆಯನ್ನು ವಿಧಿಸಿಲ್ಲ. ಆದರೆ ಕರಡು ನಿಯಮಗಳನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳುವ ರೂಢಿ ಬಹುಕಾಲದಿಂದ ಇದ್ದು, ನಿಯಮ ರಚಿಸುವ ಕಾರ್ಯವಿಧಾನದ ಕುರಿತೇ ಸೆಬಿ 2025ರಲ್ಲಿ ನಿಯಮಾವಳಿ ಹೊರಡಿಸಿದೆ. ಸಮಾಲೋಚನಾ ಪತ್ರಗಳು ಬಹುತೇಕ ಇಂಗ್ಲಿಷಿನಲ್ಲಿ, ಅದರಲ್ಲೂ ಕಾನೂನಿನ ಭಾಷೆಯಲ್ಲಿ ಇರುವುದರಿಂದ ಪ್ರತಿಕ್ರಿಯಿಸುವ ಸಾಮಾನ್ಯ ಹೂಡಿಕೆದಾರರು ಕಡಿಮೆ. ಆ ಅವಕಾಶವನ್ನು ಬಳಸಿಕೊಳ್ಳುವವರು ಉದ್ಯಮದವರೇ ಆದಾಗ, ಸಮಿತಿಯಲ್ಲಿ ಕಂಡ ಅಸಮತೋಲನ ಇಲ್ಲಿಯೂ ಮುಂದುವರಿಯುತ್ತದೆ.

ಹೂಡಿಕೆದಾರ ಕೈಕಟ್ಟಿ ಕೂರಬೇಕಿಲ್ಲ. ಸೆಬಿಯ ಜಾಲತಾಣದಲ್ಲಿ ಪ್ರಕಟವಾಗುವ ಸಮಾಲೋಚನಾ ಪತ್ರಗಳಿಗೆ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಕಂಪನಿ ಅಥವಾ ದಲ್ಲಾಳಿ ಸಂಸ್ಥೆಯ ವಿರುದ್ಧದ ಕುಂದುಕೊರತೆಗಳಿಗೆ 2011ರಲ್ಲಿ ಆರಂಭವಾದ ಸ್ಕೋರ್ಸ್ ವ್ಯವಸ್ಥೆ ಇದೆ. 2023ರಿಂದ ಆನ್‌ಲೈನ್ ಮೂಲಕ ವ್ಯಾಜ್ಯ ಬಗೆಹರಿಸಿಕೊಳ್ಳುವ ದಾರಿಯೂ ತೆರೆದಿದೆ. ದಾಖಲಾದ ದೂರುಗಳು ಮುಂದಿನ ಸಮಿತಿಗೆ ಸಾಕ್ಷ್ಯವೂ ಆಗಬಲ್ಲವು.

ಬಿರ್ಲಾ ಸಮಿತಿಯಿಂದ ಇಲ್ಲಿಯವರೆಗಿನ ಅನುಭವ ಹೇಳುವುದು ಇಷ್ಟು: ದೇಶದಲ್ಲಿ ಒಳ್ಳೆಯ ಸಲಹೆಗೆ ಬರವಿಲ್ಲ. ಸಲಹೆ ಯಾವ ಹಂತದಲ್ಲಿ, ಯಾರ ಒತ್ತಾಯಕ್ಕೆ, ಯಾವ ಕಾರಣದಿಂದ ಬದಲಾಯಿತು ಎಂಬುದು ಜನರಿಗೆ ತಿಳಿಯಬೇಕು. ಮುಂದಿನ ಬಾರಿ ಸಮಿತಿಯೊಂದು ವರದಿ ಕೊಟ್ಟ ಸುದ್ದಿ ಬಂದಾಗ ಶಿಫಾರಸಿನ ಜತೆಗೆ, ಅದು ನಿಯಮವಾಗುವಾಗ ಏನು ಉಳಿಯಿತು ಎಂಬುದನ್ನೂ ಓದುವುದು ಹೂಡಿಕೆದಾರನಿಗೆ ಲೇಸು.